ಇಪ್ಪತ್ತರಲ್ಲೊಂದು ಉಗಿಬಂಡಿ: ಮಾದರಿ ಕಟ್ಟುವವರಿಗೆ ಭೌತವಿಜ್ಞಾನ

ಶಾಲಾ ವಿಜ್ಞಾನ ಪ್ರದರ್ಶನಗಳಿಗೆ ನೀವು ಹೋಗಿರುತ್ತೀರಿ. ಥರ್ಮೋಕೋಲಿನಲ್ಲಿ ಮಾಡಿದ ಜ್ವಾಲಾಮುಖಿ, ಸೌರವ್ಯೂಹಗಳ ನಡುವೆ ಎಲ್ಲಾದರೂ ಒಂದು ಉಗಿ ಎಂಜಿನ್ ಕಾಣಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಹುಡುಗನೊಬ್ಬ ಪೌಡರ್ ಡಬ್ಬಿಗೆ ಬೆಸುಗೆ ಹಾಕಿ ಬಾಯ್ಲರ್ ಮಾಡಿ, ಮುಚ್ಚಳವನ್ನು ಅಂಟಿನಿಂದ ಬಿಗಿದು, ಕೆಳಗೆ ಸ್ಟವ್ ಹಚ್ಚಿದ್ದ. ಸುತ್ತ ಇಪ್ಪತ್ತು ಮಕ್ಕಳು ಬಗ್ಗಿ ನೋಡುತ್ತಿದ್ದರು. "ಸುರಕ್ಷಾ ಕವಾಟ ಎಲ್ಲಿ ಮಾರಾಯಾ?" ಎಂದು ಕೇಳಿದೆ. "ಇಷ್ಟು ಸಣ್ಣದಕ್ಕೆ ಅದು ಬೇಡ ಸರ್" ಎಂದ. ಮೊದಲು ಸ್ಟವ್ ಆರಿಸಿದೆವು, ಮಾತು ಆಮೇಲೆ.

'ಸಣ್ಣದು' ಎಂಬ ಆ ಪದದಲ್ಲಿಯೇ ಈ ಲೇಖನದ ವಿಷಯವಿದೆ. ಯಂತ್ರವನ್ನು ಸಣ್ಣದು ಮಾಡಿದಾಗ ಅದರಲ್ಲಿ ಏನೇನು ಸಣ್ಣದಾಗುತ್ತದೆ? ಏನು ಸಣ್ಣದಾಗುವುದಿಲ್ಲ?

ನಮ್ಮ ಊರಿಗೆ ಉಗಿ ಹೊಸದಲ್ಲ

ಪುಂಜಾಲಕಟ್ಟೆ, ಬಂಟ್ವಾಳ, ಬೆಳ್ತಂಗಡಿಯ ಕಡೆಯವರಿಗೆ ಉಗಿಯ ಪರಿಚಯ ಅಡುಗೆಮನೆಯಿಂದಲೇ ಇದೆ. ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಭತ್ತ ಬೇಯುವುದು ಬಾಯ್ಲರಿನ ಉಗಿಯಲ್ಲಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಲ್ಲಿಯೂ ಉಗಿ ಎಂಜಿನ್ ದುಡಿದ ಕಾಲವೊಂದಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಬಂಟ್ವಾಳದ ಮೂಲಕ ಹಾದುಹೋಗುವ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡಾಗ ಮೀಟರ್‌ಗೇಜ್ ಆಗಿತ್ತು. ಅಂದರೆ ಹಳಿಗಳ ನಡುವಿನ ಅಂತರ 1000 ಮಿ.ಮೀ. ಈಗ ಅದು ಬ್ರಾಡ್‌ಗೇಜ್ ಆಗಿದೆ.

ಮೀಟರ್‌ಗೇಜಿನ ಪ್ರಯಾಣಿಕ ಗಾಡಿಗಳನ್ನು ದೇಶದ ಅನೇಕ ಕಡೆ ಎಳೆದದ್ದು 'ವೈಪಿ' ವರ್ಗದ ಉಗಿ ಎಂಜಿನ್. ಮುಂದೆ 4 ಸಣ್ಣ ಗಾಲಿ, ನಡುವೆ 6 ಚಾಲಕ ಗಾಲಿ, ಹಿಂದೆ 2 ಗಾಲಿ. 1949ರಿಂದ 1970ರ ತನಕ ಇಂತಹ 871 ಎಂಜಿನ್‌ಗಳು ತಯಾರಾದವು. ನಮ್ಮ ಮಾದರಿಗೆ ಇದನ್ನೇ ಆರಿಸಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಪ್ರಮಾಣ 1:20 ಇರಲಿ.

ವೈಪಿಯ ಚಾಲಕ ಗಾಲಿಯ ವ್ಯಾಸ 1372 ಮಿ.ಮೀ. ಮಾದರಿಯಲ್ಲಿ ಇದು 68.6 ಮಿ.ಮೀ. ಸಿಲಿಂಡರಿನ ವ್ಯಾಸ 387 ಮಿ.ಮೀ., ಪಿಸ್ಟನ್ ಚಲಿಸುವ ದೂರ 610 ಮಿ.ಮೀ. ಮಾದರಿಯಲ್ಲಿ ಇವು 19.4 ಮತ್ತು 30.5 ಮಿ.ಮೀ. ಹಳಿಗಳ ಅಂತರ 50 ಮಿ.ಮೀ. ಸುಮಾರು 19 ಮೀಟರ್ ಉದ್ದದ ಬಂಡಿ 95 ಸೆಂ.ಮೀ.ಗೆ ಇಳಿದು ಮೇಜಿನ ಮೇಲೆ ಕೂರುತ್ತದೆ. ಇಲ್ಲಿಯವರೆಗಿನದು ಬರೀ ಭಾಗಾಕಾರ. ನೋಡಲು ಇಟ್ಟ ಮಾದರಿಗೆ ಇಷ್ಟು ಸಾಕು. ಆದರೆ ಅದು ಓಡಬೇಕೆಂದರೆ?

ವಾಟ್‌ನ ಕೈಗೆ ಬಂದ ಮಾದರಿ

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದ ಉತ್ತರವಿದೆ. 1763ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದ ಜೇಮ್ಸ್ ವಾಟ್‌ಗೆ ನ್ಯೂಕಾಮೆನ್ ಎಂಜಿನ್ನಿನ ಒಂದು ಮಾದರಿಯನ್ನು ರಿಪೇರಿಗೆ ಕೊಟ್ಟರು. ಅದು ತರಗತಿಯಲ್ಲಿ ಪಾಠಕ್ಕೆ ಬಳಸುತ್ತಿದ್ದ ಮಾದರಿ. ಸಿಲಿಂಡರಿನ ವ್ಯಾಸ 2 ಅಂಗುಲ, ಪಿಸ್ಟನ್ನಿನ ಚಲನೆ 6 ಅಂಗುಲ. ವಾಟ್ ಅದನ್ನು ಸರಿಪಡಿಸಿದ. ಆದರೂ ಕೆಲವೇ ಸಲ ಮೇಲೆ ಕೆಳಗೆ ಆಡಿ ಎಂಜಿನ್ ನಿಂತುಬಿಡುತ್ತಿತ್ತು. ಬಾಯ್ಲರ್ ಸಾಕಷ್ಟು ದೊಡ್ಡದಿದ್ದರೂ ಉಗಿ ಸಾಲುತ್ತಿರಲಿಲ್ಲ. ಅದೇ ಬಗೆಯ ದೊಡ್ಡ ಎಂಜಿನ್‌ಗಳು ಗಣಿಗಳಲ್ಲಿ ನೀರೆತ್ತುತ್ತಲೇ ಇದ್ದವು!

ಕಾರಣವನ್ನು ನೀವೇ ಲೆಕ್ಕ ಹಾಕಬಹುದು. ಉದ್ದವನ್ನು 20ರಲ್ಲಿ ಒಂದಕ್ಕೆ ಇಳಿಸಿದರೆ ವಿಸ್ತೀರ್ಣ 400ರಲ್ಲಿ ಒಂದಾಗುತ್ತದೆ, ಘನಫಲ 8000ದಲ್ಲಿ ಒಂದಾಗುತ್ತದೆ. ಸಿಲಿಂಡರಿನಲ್ಲಿ ಹಿಡಿಯುವ ಉಗಿ ಘನಫಲಕ್ಕೆ ಸೇರಿದ್ದು. ಅದನ್ನು ತಣಿಸುವ ಗೋಡೆ ವಿಸ್ತೀರ್ಣಕ್ಕೆ ಸೇರಿದ್ದು. ಹಾಗಾಗಿ ಮಾದರಿಯಲ್ಲಿ ಪ್ರತಿ ಗ್ರಾಂ ಉಗಿಗೆ ಎದುರಾಗುವ ಗೋಡೆ 20 ಪಟ್ಟು ಹೆಚ್ಚು. ಉಗಿ ಕೆಲಸ ಮಾಡುವ ಮೊದಲೇ ಗೋಡೆಯ ಮೇಲೆ ನೀರಾಗಿಬಿಡುತ್ತದೆ.

ನ್ಯೂಕಾಮೆನ್ ಎಂಜಿನ್ನಿನಲ್ಲಿ ಸಿಲಿಂಡರಿಗೇ ತಣ್ಣೀರು ಚಿಮುಕಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಪ್ರತಿ ಸಲವೂ ಸಿಲಿಂಡರ್ ತಣಿದು ಮತ್ತೆ ಕಾಯಬೇಕಿತ್ತು. ದೊಡ್ಡ ಎಂಜಿನ್ನಿನಲ್ಲಿಯೂ ಈ ನಷ್ಟವಿತ್ತು, ಆದರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾದರಿ ಅದನ್ನು ದೊಡ್ಡದು ಮಾಡಿ ತೋರಿಸಿತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯ ವಾಟ್‌ಗೆ ಹೊಳೆದದ್ದು 1765ರಲ್ಲಿ. ಪೇಟೆಂಟ್ ದೊರೆತದ್ದು 1769ರಲ್ಲಿ. ಓಡದ ಮಾದರಿಯೊಂದು ಕಲಿಸಿದ ಪಾಠ ಇದು. ನಿಮ್ಮ ವಿದ್ಯಾರ್ಥಿಯ ಮಾದರಿ ಓಡದಿದ್ದರೆ ಬಯ್ಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ನಮ್ಮ ಮಾದರಿಗೂ ಇದೇ ಎಚ್ಚರ ಬೇಕು. ಸಿಲಿಂಡರಿಗೂ ಬಾಯ್ಲರಿಗೂ ಉಣ್ಣೆಯ ಫೆಲ್ಟ್ ಸುತ್ತಿ, ಮೇಲೆ ತೆಳು ತಗಡು ಹೊದಿಸಬೇಕು. ಹಿಂದೆ ಇದಕ್ಕೆ ಕಲ್ನಾರು ಬಳಸುತ್ತಿದ್ದರು. ಅದರ ಎಳೆ ಶ್ವಾಸಕೋಶಕ್ಕೆ ಮಾರಕ, ಮುಟ್ಟಬೇಡಿ.

ಎಷ್ಟು ಒತ್ತಡ ಬೇಕು?

ವೈಪಿಯ ಬಾಯ್ಲರ್ ಒತ್ತಡ ಚದರ ಸೆಂಟಿಮೀಟರಿಗೆ 14.8 ಕಿ.ಗ್ರಾಂ. ಮಾದರಿಗೂ ಇಷ್ಟೇ ಒತ್ತಡ ಕೊಟ್ಟರೆ ಏನಾಗುತ್ತದೆ?

ನಿಜವಾದ ಎಂಜಿನ್ನಿನ ಎಳೆತದ ಬಲ ಸುಮಾರು 8370 ಕಿ.ಗ್ರಾಂ. ಚಾಲಕ ಗಾಲಿಗಳ ಪ್ರತಿ ಅಚ್ಚಿನ ಮೇಲೆ ಸುಮಾರು 10.5 ಟನ್ನಿನಂತೆ ಮೂರು ಅಚ್ಚುಗಳ ಮೇಲೆ ಬೀಳುವ ಭಾರ 31.5 ಟನ್. ಎಳೆತವು ಭಾರದ ಸುಮಾರು 0.27ರಷ್ಟು ಇದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಜಾರದೆ ಹಿಡಿಯುವ ಮಿತಿಯೂ ಸುಮಾರು ಇಷ್ಟೇ. ವಿನ್ಯಾಸಕಾರರು ಯೋಚಿಸಿಯೇ ಹೀಗೆ ಇಟ್ಟಿದ್ದಾರೆ.

ಮಾದರಿಯಲ್ಲಿ ಎಳೆತ ಪಿಸ್ಟನ್ನಿನ ವಿಸ್ತೀರ್ಣವನ್ನು ಅನುಸರಿಸುತ್ತದೆ: 8370 ÷ 400 = ಸುಮಾರು 21 ಕಿ.ಗ್ರಾಂ. ಭಾರ ಘನಫಲವನ್ನು ಅನುಸರಿಸುತ್ತದೆ: 31,500 ÷ 8000 = ಸುಮಾರು 3.9 ಕಿ.ಗ್ರಾಂ. ಎಳೆತ ಭಾರದ ಐದು ಪಟ್ಟು! ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗುತ್ತವೆ, ಬಂಡಿ ಮುಂದೆ ಹೋಗುವುದಿಲ್ಲ. ಮೊದಲಿನ ಅನುಪಾತ ಮರಳಿ ಬರಬೇಕಾದರೆ ಒತ್ತಡವನ್ನೂ 20ರಿಂದ ಭಾಗಿಸಬೇಕು: 14.8 ÷ 20 = 0.74 ಕಿ.ಗ್ರಾಂ. ಮನೆಯ ಪ್ರೆಶರ್ ಕುಕ್ಕರಿನಲ್ಲಿ ವಾತಾವರಣಕ್ಕಿಂತ ಹೆಚ್ಚಿಗೆ ಇರುವ ಒತ್ತಡ ಸುಮಾರು 1 ಕಿ.ಗ್ರಾಂ. ಅಂದರೆ ತತ್ತ್ವದಲ್ಲಿ ಕುಕ್ಕರಿನ ಒತ್ತಡಕ್ಕಿಂತಲೂ ಕಡಿಮೆ ಸಾಕು.

ವ್ಯವಹಾರದಲ್ಲಿ ಘರ್ಷಣೆ ಇದೆ, ಉಗಿ ನೀರಾಗುವ ನಷ್ಟವಿದೆ. ಆದ್ದರಿಂದ ಮಾದರಿ ಕಟ್ಟುವವರು 3–4 ಕಿ.ಗ್ರಾಂ ಒತ್ತಡ ಇಟ್ಟುಕೊಳ್ಳುತ್ತಾರೆ. ಹೆಚ್ಚು ಒತ್ತಡವೇ ಹೆಚ್ಚು ಸಾಧನೆ ಎಂಬ ಭಾವನೆ ತಪ್ಪು.

ನೀರು ಸಣ್ಣದಾಗುವುದಿಲ್ಲ

ನಾವು ಲೋಹವನ್ನು ಸಣ್ಣದಾಗಿ ಕೊರೆಯಬಹುದು. ನೀರಿನ ಗುಣಗಳನ್ನು ಕೊರೆಯಲಾಗದು. ಇದಕ್ಕೆ ಒಳ್ಳೆಯ ಉದಾಹರಣೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ಮೂಲದಲ್ಲಿ ಅದರ ಒಳವ್ಯಾಸ 12 ಮಿ.ಮೀ. ಎಂದುಕೊಳ್ಳಿ. ಪ್ರಮಾಣಬದ್ಧವಾಗಿ ಇಳಿಸಿದರೆ 0.6 ಮಿ.ಮೀ. ಪಿಯುಸಿಯಲ್ಲಿ ಕಲಿತ ಲೋಮನಾಳದ ಸೂತ್ರ ನೆನಪಿಸಿಕೊಳ್ಳಿ. ಇಷ್ಟು ಕಿರಿದಾದ ಕೊಳವೆಯಲ್ಲಿ ಮೇಲ್ಮೈ ಕರ್ಷಣದಿಂದಲೇ ತಣ್ಣೀರು ಸುಮಾರು 5 ಸೆಂ.ಮೀ. ಏರಿ ನಿಲ್ಲುತ್ತದೆ. ನಮ್ಮ ಬಾಯ್ಲರಿನ ವ್ಯಾಸವೇ ಏಳೆಂಟು ಸೆಂ.ಮೀ. ಒಳಗೆ ನೀರು ಬತ್ತುತ್ತಾ ಬಂದಿದ್ದರೂ ಗಾಜು 'ಸಾಕಷ್ಟಿದೆ' ಎಂದು ಸುಳ್ಳು ಹೇಳುತ್ತದೆ. ಒಳವ್ಯಾಸ 5 ಮಿ.ಮೀ. ಇಟ್ಟರೆ ತಪ್ಪು ಸುಮಾರು 6 ಮಿ.ಮೀ.ಗೆ ಇಳಿಯುತ್ತದೆ. ಇಲ್ಲಿ ಅಂದಕ್ಕಿಂತ ಸತ್ಯ ಮುಖ್ಯ. ಪ್ರಮಾಣವನ್ನು ಬಿಟ್ಟುಕೊಡಲೇಬೇಕು.

ಬಾಯ್ಲರಿನೊಳಗೆ ಹಾದುಹೋಗುವ ಹೊಗೆಕೊಳವೆಗಳದ್ದೂ ಇದೇ ಕಥೆ. 50 ಮಿ.ಮೀ. ಕೊಳವೆಯನ್ನು 2.5 ಮಿ.ಮೀ.ಗೆ ಇಳಿಸಿದರೆ ಬಿಸಿಗಾಳಿ ಅದರಲ್ಲಿ ಸರಾಗವಾಗಿ ಹರಿಯದು, ಮಸಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸಂಖ್ಯೆಯಲ್ಲಿ ಕಡಿಮೆ, ವ್ಯಾಸದಲ್ಲಿ ದೊಡ್ಡ ಕೊಳವೆಗಳನ್ನು ಹಾಕುತ್ತಾರೆ.

ಬಾಯ್ಲರ್ ತಡೆದೀತೆ?

ಉರುಳೆಯಾಕಾರದ ಪಾತ್ರೆಯ ಗೋಡೆಯಲ್ಲಿ ಉಂಟಾಗುವ ಪೀಡನ = ಒತ್ತಡ × ವ್ಯಾಸ ÷ (2 × ಗೋಡೆಯ ದಪ್ಪ). 76 ಮಿ.ಮೀ. ವ್ಯಾಸ, 1.5 ಮಿ.ಮೀ. ದಪ್ಪದ ತಾಮ್ರದ ಕೊಳವೆಗೆ 4 ಕಿ.ಗ್ರಾಂ ಒತ್ತಡ ಕೊಟ್ಟರೆ ಪೀಡನ ಚದರ ಸೆಂಟಿಮೀಟರಿಗೆ ಸುಮಾರು 101 ಕಿ.ಗ್ರಾಂ. ಕಾಯಿಸಿ ಮೆದುವಾದ ತಾಮ್ರವೂ ತುಂಡಾಗುವ ಮುನ್ನ ಸುಮಾರು 2000 ಕಿ.ಗ್ರಾಂ ತಡೆಯುತ್ತದೆ. ಗೋಡೆ ಸಾಕಷ್ಟು ಗಟ್ಟಿಯಾಗಿದೆ. ಹಾಗಾದರೆ ಬಾಯ್ಲರ್ ಸೋಲುವುದು ಎಲ್ಲಿ? ಬೆಸುಗೆಯಲ್ಲಿ ಮತ್ತು ಚಪ್ಪಟೆಯಾದ ತುದಿಗಳಲ್ಲಿ.

4 ಕಿ.ಗ್ರಾಂ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 151 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರೇಡಿಯೋ ರಿಪೇರಿಯವರ ತವರ–ಸೀಸದ ಬೆಸುಗೆ ಕರಗತೊಡಗುವುದು 183 ಡಿಗ್ರಿಯಲ್ಲಿ. ಅದಕ್ಕಿಂತ ಬಹಳ ಮೊದಲೇ ಅದು ತನ್ನ ಬಲ ಕಳೆದುಕೊಳ್ಳುತ್ತದೆ. ಬಾಯ್ಲರಿಗೆ 600 ಡಿಗ್ರಿಗಿಂತ ಮೇಲೆ ಕರಗುವ ಬೆಳ್ಳಿ ಮಿಶ್ರಿತ ಬೆಸುಗೆಯೇ ಆಗಬೇಕು. ಚಪ್ಪಟೆ ತುದಿಗಳು ಉಬ್ಬದಂತೆ ಒಳಗೆ ತಾಮ್ರದ ಸರಳುಗಳಿಂದ ಬಿಗಿಯಬೇಕು.

ಪೌಡರ್ ಡಬ್ಬಿಯ ಹುಡುಗನಿಗೆ ನಾನು ತೋರಿಸಿದ ಲೆಕ್ಕ ಇದು. 151 ಡಿಗ್ರಿಯಲ್ಲಿರುವ 1 ಕಿ.ಗ್ರಾಂ ನೀರಿನ ಪಾತ್ರೆ ಒಡೆದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ. ನೀರು 100 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವ ಉಷ್ಣದಿಂದ ಅದರ ಹತ್ತರಲ್ಲೊಂದು ಭಾಗ ತಕ್ಷಣ ಉಗಿಯಾಗುತ್ತದೆ. ಆ ಉಗಿಯ ಗಾತ್ರ ಸುಮಾರು 160 ಲೀಟರ್. ಒಂದು ಲೀಟರ್ ನೀರು, ಕಣ್ಣು ಮಿಟುಕಿಸುವುದರೊಳಗೆ, ಕುದಿಯುವ ಹನಿಗಳ ಜೊತೆ 160 ಲೀಟರ್ ಉಗಿ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸ್ಫೋಟದಲ್ಲಿ ಹಲವರು ಸತ್ತ ಬಳಿಕವೇ ನಮ್ಮ ದೇಶದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಹುಟ್ಟಿಕೊಂಡದ್ದು. 1923ರ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಸಣ್ಣ ಬಾಯ್ಲರ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ನಿಮ್ಮ ಮಾದರಿಯನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಆ ಹೊಣೆ ಪೂರ್ತಿಯಾಗಿ ಶಿಕ್ಷಕರಾದ ನಿಮ್ಮದು.

ಮಾಡಬೇಕಾದ ಕ್ರಮ

ಮೊದಲು ಅಳತೆ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಉಗಿ ಎಂಜಿನ್ನಿನ ಪಕ್ಕ ನಿಂತು ಗಾಲಿ, ಕೂಡುದಂಡ, ಸಿಲಿಂಡರ್‌ಗಳ ಚಿತ್ರ ಬರೆಯಲಿ. ಬಳಿಕ ರಟ್ಟಿನಲ್ಲಿ ಪೂರ್ತಿ ಬಂಡಿಯನ್ನು ಪ್ರಮಾಣಬದ್ಧವಾಗಿ ಕಟ್ಟಲಿ. ತಪ್ಪುಗಳೆಲ್ಲ ರಟ್ಟಿನಲ್ಲಿಯೇ ಆಗಿ ಮುಗಿಯಲಿ.

ಎರಡನೆಯದು ಎಂಜಿನ್. ಲೇತ್ ಇರುವ ವರ್ಕ್‌ಶಾಪಿನಲ್ಲಿ ಹಿತ್ತಾಳೆಯ ಒಂದು ಸಿಲಿಂಡರನ್ನೂ ಪಿಸ್ಟನ್ನನ್ನೂ ಕಡೆಸಿ. ಇದನ್ನು ಓಡಿಸಲು ಉಗಿ ಬೇಕಿಲ್ಲ. ಸೈಕಲ್ ಪಂಪಿನಿಂದ ಗಾಳಿ ತುಂಬಿದ ಟ್ಯೂಬ್ ಸಾಕು. ಕವಾಟದ ಹೊಂದಾಣಿಕೆ, ಘರ್ಷಣೆ, ಸೋರಿಕೆ ಎಲ್ಲವೂ ಇಲ್ಲಿಯೇ ತಿಳಿಯುತ್ತದೆ. ಪ್ರದರ್ಶನಕ್ಕೆ ಬಹುಪಾಲು ಶಾಲೆಗಳು ಇಲ್ಲಿಯೇ ನಿಲ್ಲಬಹುದು. ಕಲಿಕೆಗೆ ಏನೂ ಕೊರತೆಯಾಗದು.

ಬಾಯ್ಲರ್ ಕೊನೆಯದು, ಅದೂ ನುರಿತ ಕೆಲಸಗಾರರ ಕೈಯಿಂದ. ತಯಾರಾದ ಬಾಯ್ಲರಿಗೆ ಗಾಳಿಯೇ ಉಳಿಯದಂತೆ ತಣ್ಣೀರು ತುಂಬಿ, ಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟು, ಅಂದರೆ 8 ಕಿ.ಗ್ರಾಂ ತನಕ ಏರಿಸಿ, ಕಾಲು ಗಂಟೆ ಬಿಡಿ. ನೀರು ಬಹಳ ಕಡಿಮೆ ಸಂಕುಚಿಸುತ್ತದೆ, ಹಾಗಾಗಿ ಶೇಖರವಾಗುವ ಶಕ್ತಿಯೂ ಕಡಿಮೆ. ಬೆಸುಗೆ ಬಿಟ್ಟರೂ ನೀರು ಜಿನುಗುತ್ತದೆ ಅಷ್ಟೆ. ಗಾಳಿಯಿಂದ ಈ ಪರೀಕ್ಷೆಯನ್ನು ಎಂದೂ ಮಾಡಬಾರದು. ಸುರಕ್ಷಾ ಕವಾಟ, ಒತ್ತಡಮಾಪಕ, ನೀರಿನ ಗಾಜು ಈ ಮೂರೂ ಇಲ್ಲದೆ ಬೆಂಕಿ ಹಚ್ಚಬಾರದು. ಬೆಂಕಿ ಪೂರ್ತಿ ಉರಿಯುತ್ತಿರುವಾಗ ಹುಟ್ಟುವ ಉಗಿಯನ್ನೆಲ್ಲ ಕವಾಟವೊಂದೇ ಹೊರಬಿಡಬಲ್ಲದೇ ಎಂದು ನೋಡಿಕೊಳ್ಳಬೇಕು.

ಮರುವರ್ಷ ಅದೇ ಹುಡುಗ ಪ್ರದರ್ಶನಕ್ಕೆ ಬಂದಿದ್ದ. ಬಾಯ್ಲರ್ ಇರಲಿಲ್ಲ. ಸೈಕಲ್ ಪಂಪಿನಿಂದ ತಿರುಗುವ ಸಣ್ಣ ಎಂಜಿನ್, ಪಕ್ಕದಲ್ಲಿ 20, 400, 8000 ಎಂದು ದೊಡ್ಡದಾಗಿ ಬರೆದ ಒಂದು ರಟ್ಟು ಇತ್ತು. ನೋಡಲು ಬಂದವರಿಗೆಲ್ಲ ಅವನು ಮೊದಲು ವಿವರಿಸುತ್ತಿದ್ದದ್ದು ಆ ಮೂರು ಸಂಖ್ಯೆಗಳನ್ನು. ನಿಮ್ಮ ತರಗತಿಯಲ್ಲಿಯೂ ಅಲ್ಲಿಂದಲೇ ಆರಂಭಿಸಿ.