ಬ್ಲೂಬೆರಿ ಕಾಡು, ನಾಗರಹಾವಿನ ಹಾಡು

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಕನ್ನಡವು ಮಾತಾಗಿ ಉಳಿದಷ್ಟು ಸುಲಭವಾಗಿ ಓದಾಗಿ ಉಳಿಯುವುದಿಲ್ಲ. ಸ್ಟಾಕ್‌ಹೋಮ್ ನಗರದ ಉತ್ತರದ ಅಂಚಿಗೆ ಹೊಂದಿಕೊಂಡಿರುವ ಸೋಲ್ನಾದಲ್ಲಿ ಬೆಳೆಯುವ ಮಗು ಅಮ್ಮನ ಕರೆಗೆ ಕನ್ನಡದಲ್ಲಿ ಓಗೊಟ್ಟರೂ ಕೈಗೆತ್ತಿಕೊಳ್ಳುವುದು ಸ್ವೀಡಿಷ್ ಪುಸ್ತಕವನ್ನೇ. ಇದಕ್ಕಾಗಿ ಮಗುವನ್ನು ದೂರುವುದು ನ್ಯಾಯವಲ್ಲ. ಆ ಭಾಷೆಯ ಶಿಶುಸಾಹಿತ್ಯ ಅಷ್ಟು ಸಮೃದ್ಧವಾದುದು. ಆ ಸಮೃದ್ಧಿಯನ್ನೇ ಕನ್ನಡದ ಓದಿಗೆ ಮೆಟ್ಟಿಲಾಗಿಸಿಕೊಳ್ಳಬಾರದೇಕೆ?

ಕನ್ನಡ ಶಿಶುಸಾಹಿತ್ಯದ ಆದ್ಯರಲ್ಲೊಬ್ಬರಾದ ಪಂಜೆ ಮಂಗೇಶರಾಯರೂ ಸ್ವೀಡನ್ನಿನ ಚಿತ್ರಪುಸ್ತಕಗಳ ಹಿರಿಯಜ್ಜಿ ಎನ್ನಬಹುದಾದ ಎಲ್ಸಾ ಬೆಸ್ಕೋವ್ ಅವರೂ ಜನಿಸಿದ್ದು ಒಂದೇ ತಿಂಗಳಿನಲ್ಲಿ, 1874ರ ಫೆಬ್ರವರಿಯಲ್ಲಿ; ಅವರು ಬಂಟವಾಳದಲ್ಲಿ, ಇವರು ಸ್ಟಾಕ್‌ಹೋಮಿನಲ್ಲಿ. ಬೆಸ್ಕೋವ್ ಅವರ 1901ರ ಪುಸ್ತಕವೊಂದರಲ್ಲಿ ಅಮ್ಮನಿಗೆ ಉಡುಗೊರೆಯಾಗಿ ಕೊಡಲು ಹಣ್ಣನ್ನರಸಿ ಕಾಡಿಗೆ ಹೋದ ಬಾಲಕನು ಬ್ಲೂಬೆರಿಗಳ ರಾಜನನ್ನು ಕಾಣುತ್ತಾನೆ. ಬಾಲಕನ ಹೆಸರು ಪುಟ್ಟೆ. ನಮ್ಮ ಪುಟ್ಟನಿಗೆ ಎಷ್ಟು ಸಮೀಪ! ಸೋಲ್ನಾದ ಮಗುವಿಗೆ ಆ ಕಾಡು ಪರಿಚಿತ, ತಂದೆತಾಯಿಗಳಿಗೆ ಹೊಸದು. ಪಂಜೆಯವರ ನಾಗರಹಾವಿನ ಹಾಡಿನಲ್ಲಿ ಇದು ತಿರುವುಮುರುವಾಗುತ್ತದೆ. ಹೆಡೆಯೆತ್ತಿದ ನಾಗರಕ್ಕೆ ಹೆದರುತ್ತಲೇ ಕೈಮುಗಿಯುವುದೇಕೆ, ಹಾಲೆರೆಯುವುದೇಕೆ ಎಂದು ಮಗು ಕೇಳಿಯೇ ಕೇಳುತ್ತದೆ. ಒಂದರಲ್ಲಿ ಮಗು ಗುರು, ಇನ್ನೊಂದರಲ್ಲಿ ಹೆತ್ತವರು. ಎರಡನ್ನೂ ಜೊತೆಯಾಗಿ ಓದಿದಾಗ ಕನ್ನಡವು ಮಗುವಿಗೆ ಹೇರಿದ ಪಾಠವಾಗದೆ ಕೊಟ್ಟುಕೊಳ್ಳುವ ಮಾತಾಗುತ್ತದೆ.

ಇಂಥ ಜೋಡಿಗಳು ಇನ್ನೂ ಇವೆ. ಸೆಲ್ಮಾ ಲಾಗರ್‌ಲಾಫ್ ಅವರ ನಿಲ್ಸ್ ಹೆಬ್ಬಾತಿನ ಬೆನ್ನೇರಿ ಸ್ವೀಡನ್ನನ್ನೆಲ್ಲ ನೋಡಿದ ಕಥೆ (1906–07) ಶಾಲಾಮಕ್ಕಳಿಗೆ ನಾಡಿನ ಭೂಗೋಳ ಕಲಿಸಲೆಂದೇ ಹುಟ್ಟಿತು. ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲ ಪ್ರಪಂಚ'ದಲ್ಲಿ ಕನ್ನಡದ ಮಕ್ಕಳಿಗೆ ಲೋಕಜ್ಞಾನವನ್ನೇ ಉಣಬಡಿಸಿದರು. ಹ್ಯಾಮೆಲಿನ್ನಿನ ಕೊಳಲುಗಾರನನ್ನು ಬಲ್ಲ ಮಗುವಿಗೆ ಕುವೆಂಪು ಅವರ ಕಿಂದರಿಜೋಗಿ ಹಳೆಯ ಗೆಳೆಯನೇ. ಹೊಸ ಪುಸ್ತಕಗಳಿಗೂ ಕೊರತೆಯಿಲ್ಲ; ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಅಂತರಜಾಲ ಭಂಡಾರದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ.

ಆದರೆ ಪುಸ್ತಕ ದೊರೆತರೆ ಸಾಲದು, ಓದಿ ಹೇಳುವ ದನಿಯೂ ಬೇಕು. ಲೋಕಪ್ರಸಿದ್ಧಳಾದ ಪಿಪ್ಪಿ 1945ರಲ್ಲಿ ಅಚ್ಚಾಗುವ ಮೊದಲು, 1941ರಲ್ಲಿ, ಆಸ್ಟ್ರಿಡ್ ಲಿಂಡ್‌ಗ್ರೆನ್ ಹಾಸಿಗೆ ಹಿಡಿದ ಮಗಳಿಗೆ ಹೇಳಿದ ಕಥೆಯಾಗಿದ್ದಳು. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ' ಎಂಬ ಹೆಸರಿನಲ್ಲೇ ನಮಗೂ ಒಂದು ನಿತ್ಯವ್ರತವಿದೆ.

ಈ ವ್ರತದ ಫಲ ಮನೆಯೊಳಗೇ ನಿಲ್ಲುವುದಿಲ್ಲ. 1977ರ ಸುಧಾರಣೆಯಿಂದ ಸ್ವೀಡನ್ನಿನ ಶಾಲೆಗಳಲ್ಲಿ ಮನೆಮಾತಿನ ಬೋಧನೆ ಊರ್ಜಿತವಾಯಿತು. ಒಂದು ಪೌರಾಡಳಿತದ ವ್ಯಾಪ್ತಿಯಲ್ಲಿ ಕನಿಷ್ಠ 5 ಮಕ್ಕಳು ಬಯಸಿ, ತಕ್ಕ ಶಿಕ್ಷಕರು ದೊರೆತರೆ, ಬೋಧನೆ ಏರ್ಪಡಿಸುವುದು ಅದರ ಹೊಣೆ. ಆದರೆ ಆ ಭಾಷೆ ಮನೆಯಲ್ಲಿ ನಿತ್ಯ ಬಳಕೆಯಲ್ಲಿರಬೇಕು, ಮಗುವಿಗೆ ಅದರ ಪ್ರಾಥಮಿಕ ಜ್ಞಾನವಿರಬೇಕು. ಅಂದರೆ, ಮನೆಯಲ್ಲಿ ಕನ್ನಡ ನಂದಿದರೆ ಶಾಲೆಯ ಬಾಗಿಲೂ ಮುಚ್ಚಿದಂತೆಯೇ.

ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಒಂದು ಬಿನ್ನಹ. ತಾಯ್ನಾಡಿನಿಂದ ಮರಳುವಾಗ ಉಪ್ಪಿನಕಾಯಿ, ಹಪ್ಪಳಗಳ ನಡುವೆ ನಾಲ್ಕು ಮಕ್ಕಳ ಪುಸ್ತಕಗಳಿಗೂ ಜಾಗವಿರಲಿ. ಐದು ಮನೆಯವರು ಸೇರಿ ಅವನ್ನು ಹಂಚಿಕೊಂಡು ಓದಲಿ. ಮಕ್ಕಳು ಅಡ್ಡಪ್ರಶ್ನೆ ಹಾಕಲಿ. ಅಷ್ಟಾದರೆ ಶಾಲೆಯಲ್ಲಿ ಕನ್ನಡವನ್ನು ಕೇಳಲು ಬೇಕಾದ ಐವರು ಮಕ್ಕಳು ಅಲ್ಲಿಯೇ ಸಿದ್ಧರಾಗಿರುತ್ತಾರೆ.