ಪ್ಯಾಕೇಜ್ 5.4 ಲಕ್ಷ, ಆಸ್ತಿ ಮೈನಸ್ 3.33 ಲಕ್ಷ

ಆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವನು ನನ್ನ ಹೈಸ್ಕೂಲ್ ಗೆಳೆಯ. ಅವರಮ್ಮನಿಗೆ ಆಪರೇಷನ್, ಬೆಳಿಗ್ಗೆಯೊಳಗೆ ಆಸ್ಪತ್ರೆಗೆ ಐವತ್ತು ಸಾವಿರ ಕಟ್ಟಬೇಕಿತ್ತು. ‘ಚೀಟಿ ದುಡ್ಡು ಕೈಗೆ ಬರೋಕೆ ಇನ್ನೂ ಎರಡು ತಿಂಗಳು ಐತೆ ಮಗಾ, ಬಂದ ತಕ್ಷಣ ಕೊಟ್ಬಿಡ್ತೀನಿ’ ಅಂದ. ನನ್ನ ಖಾತೆಯಲ್ಲಿದ್ದದ್ದು 23 ಸಾವಿರ. ಐದನೇ ತಾರೀಖು ಅದರಲ್ಲೇ ಇಎಂಐ ಹೋಗಬೇಕು. ‘ಹತ್ತು ಸಾವಿರ ಹಾಕ್ತೀನಿ ಕಣೋ, ಅಷ್ಟೇ ಆಗೋದು’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಐದೂವರೆ ಲಕ್ಷ ಪ್ಯಾಕೇಜ್ ಇರೋನು... ಹೋಗ್ಲಿ ಬಿಡು’ ಎಂದು ಫೋನಿಟ್ಟ.

ಅವನನ್ನು ದೂರುವಂತಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚ್‌ನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಯಾರಿಗೆ ಎಷ್ಟು ಸಂಬಳ ಎಂಬ ಮಾತು ಬಂದಾಗ ‘5.4’ ಎಂದು ಟೈಪ್ ಮಾಡಿದವನು ನಾನೇ. ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಆಫರ್ ಲೆಟರ್‌ನಲ್ಲಿರುವ ಸಿಟಿಸಿ ಎಂದರೆ ಕಂಪನಿ ನಮ್ಮ ಮೇಲೆ ಮಾಡುವ ಒಟ್ಟು ಖರ್ಚು. ನನ್ನ 5.4 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 45 ಸಾವಿರ. ಅದರಲ್ಲಿ 4,500 ವೇರಿಯಬಲ್ ಪೇ. ಅದು ಬರುವುದು ವರ್ಷದ ಕೊನೆಗೆ, ಅದೂ ಕಂಪನಿ ಮನಸ್ಸು ಮಾಡಿದರೆ. ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ ಹೆಸರಿನಲ್ಲಿ 962, ವಿಮೆಗೆ ಏಳುನೂರು ಚಿಲ್ಲರೆ. ಇಷ್ಟೂ ಕಳೆದ ಮೇಲೆ ನನ್ನ ಪಾಲಿನ ಪಿಎಫ್ ಇನ್ನೊಂದು 1,800, ವೃತ್ತಿ ತೆರಿಗೆ 200. ಕೊನೆಗೆ ಬ್ಯಾಂಕಿಗೆ ಬೀಳುವುದು 35 ಸಾವಿರ. ಪಿಜಿಗೆ 9,000, ಮನೆಗೆ 8,000, ಶಿಕ್ಷಣ ಸಾಲದ ಕಂತು 7,000. ಉಳಿದ ಹನ್ನೊಂದು ಸಾವಿರದಲ್ಲಿ ಬೆಂಗಳೂರು ಬದುಕಬೇಕು.

ನಿದ್ದೆ ಬರಲಿಲ್ಲ. ಎದ್ದು ಹಳೆಯ ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ನನ್ನದು ಎನ್ನುವಂಥದ್ದು, ಬಲಕ್ಕೆ ನಾನು ಕೊಡಬೇಕಾದ್ದು. ಎಡದಿಂದ ಬಲವನ್ನು ಕಳೆದರೆ ಉಳಿಯುವುದೇ ನೆಟ್ ವರ್ತ್, ನಿವ್ವಳ ಆಸ್ತಿ. ಎಡಕ್ಕೆ: ಖಾತೆಯಲ್ಲಿ 13 ಸಾವಿರ, ಗೆಳೆಯನಿಗೆ ಹಾಕಿದ 10 ಸಾವಿರ (ವಾಪಸ್ ಬರುವ ದುಡ್ಡೂ ಆಸ್ತಿಯೇ ತಾನೆ), ಆರ್‌ಡಿ 24 ಸಾವಿರ, ಸೆಕೆಂಡ್ ಹ್ಯಾಂಡ್ ಬೈಕಿಗೆ ಇವತ್ತು ಸಿಗಬಹುದಾದ 40 ಸಾವಿರ. ಪಿಎಫ್‌ನಲ್ಲಿ ಎರಡು ವರ್ಷಕ್ಕೆ 60 ಸಾವಿರ. ಇದು ಇನ್ನೂ ಹೆಚ್ಚಿರಬೇಕಿತ್ತಲ್ಲ ಎಂದು ಪಾಸ್‌ಬುಕ್ ನೋಡಿದಾಗಲೇ ಗೊತ್ತಾಗಿದ್ದು, ಕಂಪನಿ ಕಟ್ಟುವ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ ಬರೀ 550 ನನ್ನ ಪಿಎಫ್‌ಗೆ ಸೇರುತ್ತದೆ ಎಂದು. ಒಟ್ಟು 1.47 ಲಕ್ಷ.

ಬಲಕ್ಕೆ ಎರಡೇ ಸಾಲು. ಫೋನಿನ ಕಂತು ಬಾಕಿ 18 ಸಾವಿರ, ಶಿಕ್ಷಣ ಸಾಲ 4.62 ಲಕ್ಷ. ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ತೆಗೆದದ್ದು ನಾಲ್ಕೇ ಲಕ್ಷ. ಓದುವಾಗ ಕಂತು ಕಟ್ಟಬೇಕಿಲ್ಲ ಎಂದಷ್ಟೇ ನಾನು ಕೇಳಿಸಿಕೊಂಡಿದ್ದೆ. ಆಗಲೂ ಬಡ್ಡಿ ಓಡುತ್ತಿರುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಮೊದಲ ಕಂತು ಕಟ್ಟುವ ಹೊತ್ತಿಗೆ ಅದು 5.3 ಲಕ್ಷ ಆಗಿತ್ತು. ಎರಡು ವರ್ಷದಲ್ಲಿ 1.68 ಲಕ್ಷ ಕಟ್ಟಿದ್ದೇನೆ, ಅಸಲು ಇಳಿದದ್ದು 68 ಸಾವಿರ. ಈಗ ಎಡದಿಂದ ಬಲ ಕಳೆಯಿರಿ: ಇಪ್ಪತ್ತೈದನೇ ವಯಸ್ಸಿಗೆ ನನ್ನ ಬೆಲೆ ಮೈನಸ್ 3.33 ಲಕ್ಷ.

ಮರುದಿನ ಭಾನುವಾರ, ಊರಿನ ಬಸ್ ಹತ್ತಿ ಆಸ್ಪತ್ರೆಗೇ ಹೋದೆ. ಅಷ್ಟರಲ್ಲಿ ಅಮ್ಮನ ಒಡವೆ ಅಡವಿಟ್ಟು ಗೆಳೆಯ ಉಳಿದ ನಲವತ್ತು ಸಾವಿರ ಹೊಂದಿಸಿದ್ದ. ನೋಟ್‌ಬುಕ್ ತೋರಿಸಿದೆ. ಮೊದಲು ನಕ್ಕ, ಆಮೇಲೆ ಪೆನ್ನು ಕಿತ್ತುಕೊಂಡು ತನ್ನದನ್ನೂ ಬರೆದ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಹದಿನೆಂಟಕ್ಕೇ ದುಡಿಮೆಗೆ ಬಿದ್ದವನು. ಶುರುವಿನಲ್ಲಿ ಆರು ಸಾವಿರ, ಈಗ ಒಳ್ಳೆಯ ತಿಂಗಳಾದರೆ 25 ಸಾವಿರ. ಇರುವುದು ಸ್ವಂತ ಮನೆಯಲ್ಲಿ, ಪಿಜಿ ಬಾಡಿಗೆ ಇಲ್ಲ. ಚೀಟಿಗೆ ಕಟ್ಟಿದ್ದು 1.2 ಲಕ್ಷ, ಅಂಚೆ ಕಚೇರಿ ಆರ್‌ಡಿ 36 ಸಾವಿರ, ಡ್ರಿಲ್ಲಿಂಗ್ ಮಷೀನು, ಏಣಿ ಸೇರಿ ಸಾಮಾನು 40 ಸಾವಿರ, ಬೈಕು 30 ಸಾವಿರ. ಒಡವೆ ಸಾಲ, ನನ್ನ ಹತ್ತು ಸಾವಿರ ಕಳೆದರೂ ಪ್ಲಸ್ 1.76 ಲಕ್ಷ! ಅವನಿಗಿಂತ ತಿಂಗಳಿಗೆ ಹತ್ತು ಸಾವಿರ ಹೆಚ್ಚು ಎಣಿಸುವ ನಾನು ಅವನಿಗಿಂತ ಐದು ಲಕ್ಷ ಹಿಂದಿದ್ದೆ.

ಇದನ್ನು ಓದಿ ಎಂಜಿನಿಯರಿಂಗ್ ದಂಡ ಎಂದುಕೊಳ್ಳಬೇಡಿ. ನಾನಂತೂ ಹಾಗೆಂದುಕೊಂಡಿಲ್ಲ. ಮೂವತ್ತಮೂರಕ್ಕೆ ನನ್ನ ಸಾಲ ತೀರುತ್ತದೆ, ಅಷ್ಟರಲ್ಲಿ ಸಂಬಳವೂ ಏರಬಹುದು. ಅವನಿಗೆ ಪಿಎಫ್ ಇಲ್ಲ, ವಿಮೆ ಇಲ್ಲ. ಏಣಿಯಿಂದ ಒಮ್ಮೆ ಜಾರಿದರೆ ದುಡಿಮೆಯೇ ನಿಂತಿತು. ಮೂವತ್ತೈದಕ್ಕೆ ಇಬ್ಬರ ಪುಟ ಬೇರೆಯೇ ಇದ್ದೀತು. ಆದರೆ ಇಪ್ಪತ್ತೈದರಲ್ಲಿ ಗ್ರೂಪ್‌ನ ಸಂಬಳದ ಪಟ್ಟಿ ನೋಡಿ ಅವನು ಕುಗ್ಗಿದ್ದ, ನಾನು ಉಬ್ಬಿದ್ದೆ. ಎರಡಕ್ಕೂ ಆಧಾರವೇ ಇರಲಿಲ್ಲ.

ನನ್ನನ್ನು ಕುಗ್ಗಿಸುವ ಪಟ್ಟಿಗಳೂ ಇವೆ. ಮೂವತ್ತಕ್ಕೆ ಒಂದು ವರ್ಷದ ಸಂಬಳದಷ್ಟು, ನಲವತ್ತಕ್ಕೆ ಮೂರು ಪಟ್ಟು ಉಳಿತಾಯ ಇರಬೇಕು ಎನ್ನುವ ರೀಲ್ಸ್ ನೀವೂ ನೋಡಿರುತ್ತೀರಿ. ಅದು ಅಮೆರಿಕದ ಫಿಡೆಲಿಟಿ ಎಂಬ ಹೂಡಿಕೆ ಕಂಪನಿ ಅಲ್ಲಿನವರ ನಿವೃತ್ತಿಗೆಂದು ಹಾಕಿಕೊಟ್ಟ ಲೆಕ್ಕ. ತಿಂಗಳು ತಿಂಗಳು ಮನೆಗೆ ಕಳಿಸುವ ದುಡ್ಡಿಗೆ ಅದರಲ್ಲಿ ಕಾಲಂ ಇಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಪುಟವನ್ನೂ ಬರೆಯೋಣವೆಂದು ಕೂತೆ. ತಿಪಟೂರಿನ ಪಕ್ಕ ನಮಗೆ ಎರಡು ಎಕರೆ ತೆಂಗಿನ ತೋಟ. ‘ನನ್ ವಯಸ್ಸಲ್ಲಿ ನಿನ್ ಹತ್ರ ಏನಿತ್ತಪ್ಪ?’ ಎಂದು ಕೇಳಿದೆ. ಪಹಣಿ ಅಜ್ಜನ ಹೆಸರಲ್ಲಿತ್ತಂತೆ. ಅಪ್ಪನದು ಅಂತ ಇದ್ದದ್ದು ಒಂದು ಸೈಕಲ್ಲು, ಒಂದು ಎಚ್‌ಎಂಟಿ ವಾಚು. ಸಾಲ ಸೊನ್ನೆ. ಅಂದರೆ ಇಪ್ಪತ್ತೈದರಲ್ಲಿ ಸಂಬಳವೇ ಇಲ್ಲದ ಅಪ್ಪ ನನಗಿಂತ ಸಿರಿವಂತ. ಈಗ 57ಕ್ಕೆ? ಎಕರೆಗೆ 25 ಲಕ್ಷ ಅಂತಾರೆ ಎಂದು ಎಡಕ್ಕೆ 50 ಲಕ್ಷ ಬರೆಯಹೊರಟೆ. ಅಪ್ಪ ತಡೆದರು. ‘ಜಮೀನು ಹಾಕ್ಬೇಡ ಮಗ. ಮಾರೋದಾದ್ರೆ ತಾನೆ ಅದಕ್ಕೆ ಬೆಲೆ?’ ಕೈಯಲ್ಲಿದ್ದದ್ದು 11 ಸಾವಿರ, ಕೊಡಬೇಕಾದ್ದು ಸೊಸೈಟಿಯ ಬೆಳೆಸಾಲ. ಬರೆದು ಮುಗಿಸುವಷ್ಟರಲ್ಲಿ ಮತ್ತೊಂದು ಮಾತು ಅಂದರು: ‘ನಿನ್ ಓದಿನ ಸಾಲಕ್ಕೆ ನನ್ ಸಹಿನೂ ಐತಲ್ಲ, ಅದನ್ನ ನನ್ ಕಡೀಕೆ ಬರಿ.’ ಬರೆಯಲಿಲ್ಲ. ಆದರೆ ಬ್ಯಾಂಕಿನ ಪ್ರಕಾರ ಅಪ್ಪ ಹೇಳಿದ್ದೇ ಸರಿ, ಅವರು ಸಹಸಾಲಗಾರರು.

ಹಳ್ಳಿಯ ಆಸ್ತಿಯ ಕಥೆಯೇ ಇಷ್ಟು. 2019ರ ಕೇಂದ್ರ ಸರ್ಕಾರದ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ ಹಳ್ಳಿಯ ಕುಟುಂಬವೊಂದರ ಸರಾಸರಿ ಆಸ್ತಿ ಸುಮಾರು 15.9 ಲಕ್ಷ, ನಗರದ್ದು ಸುಮಾರು 27 ಲಕ್ಷ. ಹಳ್ಳಿಯ ಮೊತ್ತದಲ್ಲಿ ಬಹುಪಾಲು ಜಮೀನು, ಮನೆಗಳದ್ದೇ; ಆಸ್ಪತ್ರೆಯ ಕೌಂಟರ್‌ನಲ್ಲಿ ಎಣಿಸಿ ಕೊಡಲು ಬರುವಂಥದ್ದಲ್ಲ. ಸರಾಸರಿಯನ್ನು ನಂಬುವುದೂ ಕಷ್ಟ. ಅದೇ ಸಮೀಕ್ಷೆಯಂತೆ ಹಳ್ಳಿಯಲ್ಲೂ ನಗರದಲ್ಲೂ ಅರ್ಧಕ್ಕಿಂತ ಹೆಚ್ಚು ಆಸ್ತಿ ಮೇಲಿನ ಶೇ 10ರಷ್ಟು ಕುಟುಂಬಗಳ ಕೈಯಲ್ಲಿದೆ. ಹಾಗಿರುವಾಗ ಸರಾಸರಿಗಿಂತ ಕೆಳಗಿರುವವರ ಸಂಖ್ಯೆಯೇ ದೊಡ್ಡದು.

ಬೆಂಗಳೂರಿಗೆ ಮರಳುವಾಗ ಬಸ್ಸಿನಲ್ಲಿ ಕೂತು ಗ್ರೂಪ್‌ಗೆ ಬರೆದೆ: ‘ಕೈಗೆ ಬರೋದು 35. ನೆಟ್ ವರ್ತ್ ಮೈನಸ್ 3.33.’ ಗುಬ್ಬಿ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಒಂಬತ್ತು ಲಕ್ಷ ಪ್ಯಾಕೇಜ್‌ನವನಿಂದ ಒಂದೇ ಸಾಲು ಬಂತು: ‘ನಂದು ಮೈನಸ್ 6.1. ಕಾರ್ ಲೋನ್.’ ರಾತ್ರಿಯೊಳಗೆ ಏಳು ಜನ ತಮ್ಮ ತಮ್ಮ ಅಂಕಿ ಹಾಕಿದ್ದರು. ಒಬ್ಬಳು ಮಾತ್ರ ನನಗೆ ಪ್ರತ್ಯೇಕವಾಗಿ ಬರೆದಿದ್ದಳು, ಕೆಲಸ ಹೋಗಿ ನಾಲ್ಕು ತಿಂಗಳಾಯಿತು, ಗ್ರೂಪ್‌ನಲ್ಲಿ ಹೇಳಬೇಡ ಎಂದು.

ಎರಡು ತಿಂಗಳಿಗೆ ಸರಿಯಾಗಿ ಚೀಟಿ ಎತ್ತಿದ ಗೆಳೆಯ ಹತ್ತು ಸಾವಿರ ಫೋನ್‌ಪೇ ಮಾಡಿದ. ಹಿಂದೆಯೇ ಕರೆ. ಅಮ್ಮ ಓಡಾಡುತ್ತಿದ್ದಾರೆ, ಒಡವೆ ಬಿಡಿಸಿಕೊಂಡು ಬಂದೆ ಎಂದೆಲ್ಲ ಹೇಳಿ, ಕೊನೆಗೆ ಕೇಳಿದ: ‘ಮಗಾ, ನಾನು ಕೊಡಬೇಕಾದ್ದನ್ನ ನೀನು ಆವಾಗ್ಲೇ ಎಡಗಡೆ ಬರ್ಕೊಂಡಿದ್ದೆ. ಅಂದ್ರೆ ಈ ಹತ್ತು ಸಾವಿರ ಬಂದಿದ್ದಕ್ಕೆ ನಿನ್ ಮೈನಸ್ ಏನೂ ಕಮ್ಮಿ ಆಗಲ್ಲ ಅಲ್ವೇನೋ?’