ದೂರದ ಗಣಕಯಂತ್ರ ಓಗೊಡದಿದ್ದಾಗ: ರಿಮೋಟ್ ಡೆಸ್ಕ್‌ಟಾಪ್ ದೋಷಗಳು ಮತ್ತು ಪರಿಹಾರ

ಅಂಗಡಿ ಅಥವಾ ಕಾರ್ಖಾನೆಯ ಗಣಕಯಂತ್ರದಲ್ಲಿರುವ ಲೆಕ್ಕಪತ್ರಗಳನ್ನು ಮನೆಯಿಂದಲೋ ಲೆಕ್ಕಪರಿಶೋಧಕರ ಕಚೇರಿಯಿಂದಲೋ ತೆರೆಯಲು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ಅನೇಕ ವರ್ತಕರು ಬಳಸುತ್ತಾರೆ. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಸಾಮಾನ್ಯವಾಗಿ ಮರುತಿಂಗಳ 20ನೇ ತಾರೀಖು ಕೊನೆಯ ದಿನ. ಅಂದು ಸಂಪರ್ಕ ದೊರೆಯದಿದ್ದರೆ ವಿಳಂಬ ಶುಲ್ಕವಲ್ಲದೆ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯ ಹೊರೆಯೂ ಬೀಳುತ್ತದೆ. ಆದುದರಿಂದ ದೋಷವನ್ನು ಕ್ರಮಬದ್ಧವಾಗಿ ಪತ್ತೆ ಹಚ್ಚುವ ವಿಧಾನವನ್ನು ಅರಿತಿರುವುದು ಸೂಕ್ತ.

ಮೊದಲು ಪರದೆಯ ಮೇಲಿನ ಸಂದೇಶವನ್ನು ಓದಬೇಕು. ಯಂತ್ರವೇ ಸಿಗುತ್ತಿಲ್ಲವೆಂದಿದ್ದರೆ ದೋಷ ಜಾಲದಲ್ಲಿ ಅಥವಾ ಯಂತ್ರದಲ್ಲಿದೆ. ಹೆಸರು, ಗುಪ್ತಪದ ಒಪ್ಪಿಗೆಯಾಗಲಿಲ್ಲವೆಂದಿದ್ದರೆ ಜಾಲ ಸರಿಯಿದ್ದು, ದೋಷ ಬಳಕೆದಾರರ ಖಾತೆಯಲ್ಲಿದೆ.

ಯಂತ್ರ ಮತ್ತು ಜಾಲ

ಕಚೇರಿಯ ಯಂತ್ರ ಚಾಲನೆಯಲ್ಲಿದೆಯೇ, ನಿದ್ರಾಸ್ಥಿತಿಗೆ ಜಾರಿದೆಯೇ ಎಂಬುದನ್ನು ಅಲ್ಲಿರುವ ಸಿಬ್ಬಂದಿಯಿಂದ ತಿಳಿಯಬೇಕು. ವಿಂಡೋಸ್‌ನ ಹೋಮ್ ಆವೃತ್ತಿಯಿಂದ ಬೇರೆ ಯಂತ್ರಗಳನ್ನು ಸಂಪರ್ಕಿಸಬಹುದೇ ಹೊರತು, ಅದು ಹೊರಗಿನ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಅದಕ್ಕೆ ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಬೇಕು. ಅಲ್ಲಿಯೂ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ಸಕ್ರಿಯಗೊಳಿಸಿರಬೇಕು.

ವಿದ್ಯುತ್ ಹೋಗಿ ಬಂದ ಬಳಿಕ ರೂಟರ್ ಯಂತ್ರಕ್ಕೆ ಬೇರೆ ಐಪಿ ವಿಳಾಸ ನೀಡಿರುವ ಸಾಧ್ಯತೆಯುಂಟು. ರೂಟರ್‌ನಲ್ಲಿ ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ತಪ್ಪುತ್ತದೆ. 192.168ರಿಂದ ಆರಂಭವಾಗುವ ವಿಳಾಸ ಕಚೇರಿಯ ಒಳಜಾಲಕ್ಕೆ ಮಾತ್ರ ಸೀಮಿತ. ಮನೆಯಿಂದ ಅದನ್ನು ತಲುಪಲು ವಿಪಿಎನ್ ಸಂಪರ್ಕ ಮೊದಲು ಏರ್ಪಟ್ಟಿರಬೇಕು.

ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ 3389ನೇ ಪೋರ್ಟ್ ಬಳಸುತ್ತದೆ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆದೇಶವನ್ನು ಯಂತ್ರದ ವಿಳಾಸ ಹಾಗೂ ಈ ಪೋರ್ಟ್ ಸಂಖ್ಯೆಯೊಡನೆ ಕೊಟ್ಟರೆ ದಾರಿ ತೆರೆದಿದೆಯೇ ಎಂಬುದು ತಿಳಿಯುತ್ತದೆ. ಯಂತ್ರ ಚಾಲನೆಯಲ್ಲಿದ್ದು ವಿಳಾಸ ಸರಿಯಿದ್ದರೂ ದಾರಿ ಮುಚ್ಚಿದ್ದರೆ ಫೈರ್‌ವಾಲ್ ಅಥವಾ ಹೊಸದಾಗಿ ಅಳವಡಿಸಿದ ಆಂಟಿವೈರಸ್ ತಡೆಯುತ್ತಿರಬಹುದು.

ಖಾತೆ ಮತ್ತು ಅಧಿವೇಶನ

ಬಳಕೆದಾರರು ಆಡಳಿತಾಧಿಕಾರ ಹೊಂದಿರಬೇಕು, ಇಲ್ಲವೇ ರಿಮೋಟ್ ಡೆಸ್ಕ್‌ಟಾಪ್ ಬಳಕೆದಾರರ ಗುಂಪಿನಲ್ಲಿರಬೇಕು. ಗುಪ್ತಪದವಿಲ್ಲದ ಖಾತೆಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಯಂತ್ರದ ಮುಂದೆ ಕುಳಿತು ಬಳಸುವ ಪಿನ್ ಸಂಖ್ಯೆ ದೂರದಿಂದ ನಡೆಯದು, ಪೂರ್ಣ ಗುಪ್ತಪದವೇ ಬೇಕು.

ಪ್ರೊ ಆವೃತ್ತಿಯಲ್ಲಿ ಏಕಕಾಲಕ್ಕೆ ಒಬ್ಬರು ಮಾತ್ರ ಕೆಲಸ ಮಾಡಬಹುದು. ಹಲವು ಗುಮಾಸ್ತರು ಒಂದೇ ಸರ್ವರ್ ಬಳಸುವಲ್ಲಿ ಪರವಾನಗಿಗಳನ್ನು ಖರೀದಿಸಬೇಕು. ಇದಕ್ಕೆ ಇರುವ 120 ದಿನಗಳ ರಿಯಾಯಿತಿ ಅವಧಿ ಮುಗಿದೊಡನೆ ಸರ್ವರ್ ಸಾಮಾನ್ಯ ಬಳಕೆದಾರರ ಸಂಪರ್ಕವನ್ನು ನಿರಾಕರಿಸುತ್ತದೆ. ನಾಲ್ಕು ತಿಂಗಳು ಸುಗಮವಾಗಿ ನಡೆದು ಹಠಾತ್ತನೆ ನಿಂತರೆ ಮೊದಲು ಇದನ್ನೇ ಶಂಕಿಸಬೇಕು.

ಎರಡು ತುದಿಗಳ ಯಂತ್ರಗಳಲ್ಲಿ ಒಂದು ಮಾತ್ರ ನವೀಕರಣಗೊಂಡಿದ್ದರೂ ತೊಡಕು ಉಂಟಾಗುತ್ತದೆ. 2018ರ ಮೇ ತಿಂಗಳ ನವೀಕರಣದ ಬಳಿಕ ಕ್ರೆಡ್‌ಎಸ್‌ಎಸ್‌ಪಿ ಹೆಸರಿನ ದೋಷಸಂದೇಶ ಕಾಣಿಸಿಕೊಂಡದ್ದು ಈ ಕಾರಣದಿಂದಲೇ. ಎರಡನ್ನೂ ನವೀಕರಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ಎಚ್ಚರಿಕೆಯ ಮಾತು

ಅವಸರದಲ್ಲಿ ಫೈರ್‌ವಾಲ್ ಆರಿಸುವುದಾಗಲಿ, 3389ನೇ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆಯುವುದಾಗಲಿ ಸಲ್ಲದು. ಗುಪ್ತಪದಗಳನ್ನು ಒಂದೊಂದಾಗಿ ಪ್ರಯತ್ನಿಸಿ ಒಳನುಗ್ಗುವ ವಂಚಕರು ಕಡತಗಳಿಗೆ ಬೀಗ ಜಡಿದು ಹಣ ಕೇಳುವುದು ಹೆಚ್ಚಾಗಿ ಇಂತಹ ತೆರೆದ ದಾರಿಯಿಂದಲೇ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಬೆಳಕಿಗೆ ಬಂದಾಗ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆ ತಿದ್ದುಪಡಿ ನೀಡಬೇಕಾಯಿತು.

ವಿಪಿಎನ್, ಬಲವಾದ ಗುಪ್ತಪದ, ಯಂತ್ರದಿಂದ ಬೇರ್ಪಡಿಸಿಟ್ಟ ಲೆಕ್ಕಪತ್ರಗಳ ಪ್ರತಿ ಇವು ಮೂರೂ ಇರಲೇಬೇಕು. ಸಂಪರ್ಕವನ್ನು ಪರೀಕ್ಷಿಸುವ ಕೆಲಸವನ್ನು 20ನೇ ತಾರೀಖಿನವರೆಗೆ ಮುಂದೂಡದೆ, ಪ್ರತಿ ತಿಂಗಳ ಮೊದಲ ವಾರದಲ್ಲೇ ಮುಗಿಸುವುದು ಜಾಣತನ.